ಹಿತ್ತಲ ನೀರು

ಮೂವತ್ತೊಂದು ವರ್ಷ ಬೇರೆಯವರ ರಕ್ತ ತೊಳೆದವಳು ನಾನು,
ಫ್ರೀಮ್ಯಾಂಟಲ್ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ.
ಈಗ ಸ್ಪಿಯರ್‌ವುಡ್ಡಿನ ನನ್ನ ಹಿತ್ತಲಲ್ಲಿ
ಸಾವಿರ ಲೀಟರು ನೀರಿಗೆ ಕಾಯಿಲೆ.

ಮೇಲೆ ಜಲ್ಲಿ ತುಂಬಿದ ಮಡಿ, ಕೆಳಗೆ ತೊಟ್ಟಿ,
ತೊಟ್ಟಿಯಲ್ಲಿ ಇಪ್ಪತ್ತೆರಡು ಸಿಲ್ವರ್ ಪರ್ಚ್.
ಮೀನಿನ ಕೊಳೆ ಗಿಡಕ್ಕೆ, ಗಿಡ ಸೋಸಿದ ನೀರು ಮೀನಿಗೆ:
ಅಂಗಡಿಯವನ ಬಾಯಲ್ಲಿ ಎಷ್ಟು ಸಲೀಸು!
ನಡುವೆ ಒಂದು ಪಂಪು,
ಗೂರಲು ಹತ್ತಿದ ಮುದುಕನ ಹಾಗೆ ರಾತ್ರಿಯೆಲ್ಲ.

ಫೆಬ್ರವರಿ. ನಲವತ್ತೆರಡು ಡಿಗ್ರಿ.
ಬೆಳಗ್ಗೆ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು
ಸಾಲ ಕೇಳಲು ಬಂದವರಂತೆ
ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಹೇಳುವುದಿಲ್ಲ.
ಸೌತೆಯ ಎಳೆ ಎಲೆ ಹಳದಿ,
ನರ ಮಾತ್ರ ಹಸಿರು.

ಮೊದಲು ಪಂಪಿಗೆ ಬೈದೆ. ಬಿಚ್ಚಿದರೆ ಒಳಗೊಂದು ಬಸವನಹುಳು
ಬಾಡಿಗೆ ಕೊಡದೆ ಕೂತಿತ್ತು. ತೆಗೆದೆ.
ನೀರು ಜೋರಾಯಿತು, ಮೀನು ಹಾಗೇ.
ಆಮೇಲೆ ಮೊಮ್ಮಗ ಲುಕ್ಷಾನ ಸರದಿ:
ಕಾಳು ಜಾಸ್ತಿ ಎರಚಿದೆಯಾ?
ಇಲ್ಲ ನೋನಾ, ಒಂದೇ ಹಿಡಿ.
ಅವನ ಹಿಡಿ ಎಷ್ಟೆಂದು ನೋಡಿದೆ. ಒಂದು ಪ್ಲಮ್ಮಿನಷ್ಟು.

ಗಾಜಿನ ನಳಿಕೆಯಲ್ಲಿ ಐದು ಮಿಲಿ, ಔಷಧದ ಹನಿ, ಅಲ್ಲಾಡಿಸು.
ಪಿಎಚ್ ಎಂಟೂ ಕಾಲು.
ಅಂದರೆ ನೀರಲ್ಲಿ ಕಬ್ಬಿಣವಿದ್ದರೂ ಗಿಡದ ಬಾಯಿಗೆ ಬೀಗ,
ಈ ಸೆಕೆಗೆ ಚೂರೇ ಚೂರು ಅಮೋನಿಯವೂ ವಿಷ.
ಆಮ್ಲ ಹಾಕಿದೆ, ಅಳೆದು. ಸಂಜೆಗೆ ಏಳು.
ಬೆಳಗ್ಗೆ ಮತ್ತೆ ಎಂಟೂ ಕಾಲು.
ಮತ್ತೆ ಹಾಕಿದೆ.
ಮತ್ತೆ ಏರಿತು.

ಮಿಸ್ಟರ್ ಪಾಸ್ಕೋ ನೆನಪಾದರು.
ಮಂಗಳವಾರ, ಗುರುವಾರ, ಶನಿವಾರ, ಕಿಟಕಿ ಪಕ್ಕದ ಕುರ್ಚಿ.
ನಾಲ್ಕು ಗಂಟೆ ತೊಳೆದು ಕಳಿಸಿದರೆ
ಮುಂದಿನ ಸಲಕ್ಕೆ ಪೊಟ್ಯಾಸಿಯಂ ನೆತ್ತಿಗೇರಿರುತ್ತಿತ್ತು.
ಬಾಳೆಹಣ್ಣು ತಿಂದಿರಾ?
ಛೆ ಛೆ, ಎಲ್ಲಾದರೂ ಉಂಟೆ ಸಿಸ್ಟರ್ ನೆವೆಂಕಾ!
ಕೋಟಿನ ಜೇಬಲ್ಲಿ ಸಿಪ್ಪೆ.

ಹಾಗಾದರೆ ಈ ನೀರಿಗೂ ಒಳಗೇ ಯಾರೋ
ಕದ್ದು ತಿನ್ನಿಸುತ್ತಿದ್ದಾರೆ.

ಅಡುಗೆಮನೆಯ ವಿನೆಗರ್ ತಂದೆ.
ಮಡಿಯಿಂದ ಒಂದು ಕಲ್ಲು ತೆಗೆದು, ಒರೆಸಿ, ತಟ್ಟೆಯಲ್ಲಿಟ್ಟು
ಎರಡು ಹನಿ ಬಿಟ್ಟೆ.
ಬುಸ್ಸೆಂದಿತು.
ಬೆಣ್ಣೆಯೆಂದು ಹಾಸಿದ್ದು ಸುಣ್ಣ.

ಜಲ್ಲಿ ಎಲ್ಲಿಂದ ತಂದೆ ಎಂದು ಯಾರೂ ಕೇಳಿರಲಿಲ್ಲ.
ಸಿಪ್ಪೆ ನನ್ನ ಜೇಬಲ್ಲೇ ಇತ್ತು.
ಅಪ್ಪ ಶಿಮೆ, ಹಡಗಿಳಿದು ಬಂದವನು,
ಈರುಳ್ಳಿ ಹೊಲದ ಸುತ್ತ ಕೈಯಾರೆ ಪೇರಿಸಿದ ಗೋಡೆ;
ಹೊಲ ಸೈಟುಗಳಾದಾಗ ತಮ್ಮ ಫ್ರಾನೆ
ಟ್ರೇಲರಿನಲ್ಲಿ ತಂದು ಸುರಿದಿದ್ದ: ಪುಕ್ಕಟೆ, ಅಕ್ಕಾ.
ಸುತ್ತಿಗೆ ಹಿಡಿದು ಜಲ್ಲಿ ಮಾಡಿದ್ದು ನಾನು,
ಎರಡು ವಾರ, ಹಾಡಿಕೊಳ್ಳುತ್ತ.

ಕಡಲಿಂದ ಮಧ್ಯಾಹ್ನ ಬೀಸುವ ತಂಪು ಗಾಳಿಗೆ
ಇಲ್ಲಿನವರು ಡಾಕ್ಟರ್ ಅನ್ನುತ್ತಾರೆ.
ಅವತ್ತು ಐದಾದರೂ ಬರಲಿಲ್ಲ.
ಡಾಕ್ಟರುಗಳೇ ಹಾಗೆ;
ಅಲ್ಲಿಯವರೆಗೆ ನರ್ಸು ನಿಭಾಯಿಸಬೇಕು.
ನೆರಳಿಗೆ ಹಳೆಯ ಬೆಡ್‌ಶೀಟು ಕಟ್ಟಿದೆ, ಇನ್ನೊಂದು ಗಾಳಿಕಲ್ಲು ಇಳಿಬಿಟ್ಟೆ.
ಏಳು ಮೀನು ಉಳಿಯಲಿಲ್ಲ.

ಜಲ್ಲಿಯನ್ನು ಒಂದೇ ಏಟಿಗೆ ತೆಗೆಯುವಂತಿಲ್ಲ.
ಕೊಳೆಯನ್ನು ಗೊಬ್ಬರ ಮಾಡುವ, ಕಣ್ಣಿಗೆ ಬೀಳದ ಸಂಸಾರ
ಆ ಸುಣ್ಣಕ್ಕೇ ಅಂಟಿಕೊಂಡು ಬದುಕಿದೆ.
ಈ ವಾರ ಮೂರರಲ್ಲೊಂದು ಪಾಲು,
ಅದರ ಜಾಗಕ್ಕೆ ಸುಟ್ಟ ಮಣ್ಣಿನ ಉಂಡೆ, ಚೀಲಕ್ಕೆ ನಲವತ್ತು ಡಾಲರು.
ಉಳಿದದ್ದು ಈಸ್ಟರ್ ಹೊತ್ತಿಗೆ, ಸೊಂಟ ಒಪ್ಪಿದರೆ.

ಇವತ್ತು ಏಳೂ ಮುಕ್ಕಾಲು.
ನಂಬುವುದಿಲ್ಲ, ನಾಳೆ ಇನ್ನೊಮ್ಮೆ.

ಬಕೆಟ್ಟು ಬಕೆಟ್ಟಾಗಿ ಕಲ್ಲನ್ನು ಅಂಜೂರದ ಬುಡಕ್ಕೆ ಸುರಿಯುತ್ತೇನೆ.
ಲುಕ್ಷಾ ಒಂದನ್ನೆತ್ತಿ ಮೂಸಿ ಕೇಳುತ್ತಾನೆ:
ಇದು ಕೆಟ್ಟ ಕಲ್ಲಾ, ನೋನಾ?
ಅಲ್ಲವೋ.
ಅಂಜೂರಕ್ಕೆ ಬಹಳ ಒಳ್ಳೆಯದು.