ಉಳಿದ ನಾಲ್ಕು

ರೇಡಿಯೋ ಬೆಳಿಗ್ಗೆ ಆರಕ್ಕೇ ಹೇಳಿಬಿಟ್ಟಿತು:
ಸೊನ್ನೆಗಿಂತ ಐವತ್ತೈದು ಕೆಳಗೆ. ಯಾಕುತ್ಸ್ಕಿನಲ್ಲಿ ಇವತ್ತು
ಯಾವ ತರಗತಿಗೂ ಶಾಲೆಯಿಲ್ಲ.
ಕಿಟಕಿಯಾಚೆ ಊರೂ ಇಲ್ಲ. ಮಂಜು
ಎದುರಿನ ಕಟ್ಟಡವನ್ನು ನುಂಗಿ, ದೀಪಗಳನ್ನು ಮಾತ್ರ
ಬೀಜದ ಹಾಗೆ ಉಗುಳಿದೆ.

ಅಮ್ಮ ಆಸ್ಪತ್ರೆಗೆ ಹೊರಟಳು, ಕಣ್ಣಷ್ಟೇ ಬಿಟ್ಟು ಎಲ್ಲ ಸುತ್ತಿಕೊಂಡು.
"ಫೋನು ನೋಡುತ್ತಾ ಬಿದ್ದಿರಬೇಡಿ" ಎಂದಳು ಶಾಲಿನೊಳಗಿಂದ.
ಮತ್ತೆ ಬಾಗಿಲು ತೆರೆದು, "ಸದ್ದೂ ಮಾಡಬೇಡಿ.
ಕೆಳಗೆ ಫೆಯೋಫಾನ್ ಮಾವ ರಾತ್ರಿಪಾಳಿ ಮುಗಿಸಿ ಮಲಗಿರ್ತಾನೆ."

ಬಿದ್ದಿರಬಾರದು. ಸದ್ದೂ ಆಗಬಾರದು.
ಹದಿನಾಲ್ಕರ ಕಾಲಿಗೆ ಇದೆಂಥ ಲೆಕ್ಕ!

ಅಣ್ಣ ಕೆಸ್ಕಿಲ್ ಬೀರುವಿನ ಹಲಗೆಯೊಂದನ್ನು ಕಿತ್ತು
ಎರಡು ಮಂಚದ ಕಾಲುಗಳ ನಡುವೆ ಅಡ್ಡ ನಿಲ್ಲಿಸಿದ.
ಪೊರಕೆಯ ಹಿಡಿಯನ್ನು ಅರ್ಧಕ್ಕೆ ಕೊಯ್ದ.
ಅಮ್ಮನಿಗೆ ಇನ್ನೂ ಗೊತ್ತಿಲ್ಲ.
ಅವನು ಆ ಕಡೆ, ನಾನು ಈ ಕಡೆ,
ಹಲಗೆಗೆ ಅಂಗಾಲು ಒತ್ತಿ, ಒಂದೇ ಕೋಲಿಗೆ ನಾಲ್ಕು ಮುಷ್ಟಿ.
ಎಳೆ.
ಮುತ್ತಜ್ಜಂದಿರ ಆಟ ಇದು. ಸದ್ದಿಲ್ಲ, ಹಲ್ಲು ಕಡಿಯುವುದಷ್ಟೇ.
ಅವನ ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ,
ನನ್ನ ಬೆನ್ನು ಬಿಲ್ಲಾಗುತ್ತದೆ, ಆಮೇಲೆ
ಕೂತ ಮೈ ನೆಲ ಬಿಡುತ್ತದೆ, ಅಷ್ಟೇ,
ಹಲಗೆಯಾಚೆ ಅವನ ಮಡಿಲಲ್ಲಿ ನಾನೊಂದು ಮೂಟೆ.
ಆರು ಸಲ ಸೋತೆ. ಏಳನೆಯ ಸಲ ಅವನಿಗೆ ಸೀನು ಬಂತು.
ಗೆಲುವು ಗೆಲುವೇ. ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಆದರೆ ನನ್ನ ಜೀವ ಇರುವುದು ಜಿಗಿತದಲ್ಲಿ.
ಕುವೊಬಾಖ್, ಮೊಲದ ಜಿಗಿತ. ಎರಡೂ ಕಾಲು ಜೋಡಿಸಿ
ಹನ್ನೊಂದು ಸಲ, ನಡುವೆ ನಿಲ್ಲದೆ.
ನಮ್ಮ ಮನೆಯಲ್ಲಿ, ಅಡುಗೆಕೋಣೆಯ ಗೋಡೆಯಿಂದ ಮುಂಬಾಗಿಲವರೆಗೆ
ಎಷ್ಟು ಚಿಕ್ಕದಾಗಿ ಹಾರಿದರೂ ಏಳೇ ಹಿಡಿಯುತ್ತವೆ.
ಎಂಟನೆಯದಕ್ಕೆ ಅಪ್ಪನ ಕೋಟು, ಅದರ ಹಿಂದೆ ಬಾಗಿಲು,
ಬಾಗಿಲಿಗೆ ನನ್ನ ಹಣೆ.

ಮೊದಲ ಸಲ ನೆಲ ಧಡ್ ಎಂದಿತು.
ಕೆಳಗಿನಿಂದ ನೀರಿನ ಕೊಳವೆಗೆ ಚಮಚದ ಏಟು.
ಮೂರು ಟಣ್ ಅಂದರೆ ಸಿಟ್ಟು. ಎರಡಾದರೆ ಸಹನೆ.
ಒಂದನ್ನು ನಾವು ಯಾವತ್ತೂ ಕೇಳಿಲ್ಲ.
ಇವತ್ತು ಮೂರು.

ಹಾಗಾಗಿ ಇಳಿಯುವುದನ್ನು ಕಲಿಯಲು ಕೂತೆ.
ಏರುವುದು ಯಾರಿಗಾದರೂ ಬರುತ್ತದೆ ಎಂದ ಕೆಸ್ಕಿಲ್,
ಸೋಫಾದ ಮೇಲೆ ಗುರುವಿನ ಹಾಗೆ ಒಣಮೀನು ಜಗಿಯುತ್ತಾ.
ಬೆರಳ ತುದಿ ಮೊದಲು, ಆಮೇಲೆ ಪಾದ,
ಹಿಮ್ಮಡಿ ಕೊನೆಗೆ, ತಡರಾತ್ರಿ ಮನೆಗೆ ಬಂದವರ ಹಾಗೆ.
ಮಂಡಿ ಬಾಗಬೇಕು. ಉಸಿರು
ನನಗಿಂತ ಮುಂಚೆ ಬಂದು ಕೂತಿರಬೇಕು.
ಉಣ್ಣೆಯ ಕಾಲುಚೀಲ ಎರಡು ಜೊತೆ.
ತೊಡೆ ಉರಿಯಿತು. ನಮ್ಮಿಬ್ಬರ ಬೆವರೇ
ಕಿಟಕಿಯ ಒಳಗಾಜಿಗೆ ಏರಿ ಹಿಮದ ಜರಿಗಿಡವಾಯಿತು.
ಹನ್ನೊಂದು ಗಂಟೆಗೆ, ಧಪ್. ಹನ್ನೆರಡಕ್ಕೆ, ತುಪ್.
ಎರಡರ ಹೊತ್ತಿಗೆ
ನಾನು ಇಳಿದದ್ದು ನನಗೇ ಕೇಳಲಿಲ್ಲ.

ಆಗ ಬಾಗಿಲು ಬಡಿದ ಸದ್ದು.
ಫೆಯೋಫಾನ್ ಮಾವ. ಪೈಜಾಮದ ಮೇಲೆ ತುಪ್ಪಳದ ಕೋಟು,
ಕೆನ್ನೆಯ ಮೇಲೆ ದಿಂಬಿನ ಗೆರೆ.
ನಮ್ಮನ್ನು ಎಣಿಸಿದ. ಇಬ್ಬರು. ಮತ್ತೊಮ್ಮೆ ಎಣಿಸಿದ.
"ಜೀವಂತ ಇದ್ದೀರಾ? ಸದ್ದೇ ಇಲ್ಲ.
ಗ್ಯಾಸೋ ಹೊಗೆಯೋ ಏನಾಯಿತೋ ಅಂತ
ನಿದ್ದೆ ಹತ್ತಬೇಕಲ್ಲ!"
ಹಲಗೆ ನೋಡಿದ. ಅರ್ಧ ಪೊರಕೆ ನೋಡಿದ.
ಏನೋ ಹೇಳಲು ಬಾಯಿ ತೆರೆದವನಿಗೆ ಆಕಳಿಕೆ ಬಂತು.
"ಹಾರು ತಾಯಿ, ಹಾರು. ಒಂಚೂರು ಕೇಳುವ ಹಾಗೆ ಹಾರು."
ಮೆಟ್ಟಿಲ ಮೇಲೆ ಅವನ ಚಪ್ಪಲಿ, ಪಟ, ಪಟ, ಪಟ.

ಈಗ ಆರನ್ನು ಗಾಳಿಯ ಹಾಗೆ ಇಳಿದು
ಏಳನೆಯದರಲ್ಲಿ ಮಾತ್ರ
ಹಿಮ್ಮಡಿಯನ್ನು ಬೇಕೆಂದೇ ಊರುತ್ತೇನೆ.
ಕೊಳವೆಯಲ್ಲಿ ಒಂದೇ ಒಂದು ಟಣ್.

ಉಳಿದ ನಾಲ್ಕು ಕಾಲಿನಲ್ಲೇ ಇವೆ.
ಲೇನಾ ನದಿಯ ಮಂಜುಗಡ್ಡೆ ಒಡೆಯಲಿ,
ಅಂಗಳಕ್ಕೆ ಇಳಿದು
ಎಂಟರಿಂದ ಎಣಿಸುತ್ತೇನೆ.