ಇಸ್ತ್ರಿ ಮಾತ್ರ

ನೀರಿನ ಮಟ್ಟಕ್ಕಿಂತ ಎರಡು ಮಹಡಿ ಕೆಳಗೆ ನನ್ನ ಕೆಲಸ.
ಕಿಟಕಿಯಿಲ್ಲ.
ಹೊರಗೆ ಸಮುದ್ರ ಇದೆಯೆಂದು ಗೊತ್ತಾಗುವುದು
ನೇತುಹಾಕಿದ ಅಂಗಿಗಳೆಲ್ಲ ಒಟ್ಟಿಗೇ
ಒಂದು ಕಡೆ ವಾಲಿದಾಗ.

ಹೆಸರು ಕ್ರಿಸಾಂತೊ. ಊರು ಇಲೊಯ್ಲೊ.
ಇಪ್ಪತ್ತೊಂಬತ್ತು ವರ್ಷ, ನಾಲ್ಕು ಹಡಗು,
ಒಂದೇ ಹಬೆ.
ಮೇಲಿನ ವೈಭವ ಕಣ್ಣಾರೆ ಕಂಡವನಲ್ಲ;
ಬಟ್ಟೆ ಹೇಳಿದ್ದನ್ನು ಕೇಳಿಸಿಕೊಂಡವನು.

ಆಗ, ಸೌತಾಂಪ್ಟನ್ ಬಿಟ್ಟ ಎರಡನೆಯ ರಾತ್ರಿ
ಕ್ಯಾಪ್ಟನ್ನನ ಔತಣ. ಮಧ್ಯಾಹ್ನದಿಂದಲೇ
ಗಂಜಿ ಹಾಕಿದ ಎದೆಗಳು ಸಾಲುಸಾಲು,
ತಟ್ಟಿದರೆ ಹಪ್ಪಳದ ಸದ್ದು.
ನಾನೂರು ಬಿಳಿ ಅಂಗಿ, ನಾನೂರು ಕರಿ ಕೋಟು,
ರೇಷ್ಮೆ, ಮಣಿ, ಗರಿ.
ಮರುದಿನ ಕೆಳಗಿಳಿದು ಬಂದಾಗ
ತೋಳಿನ ಮೇಲೆ ಕೆಂಪು ವೈನು,
ಭುಜದ ಮೇಲೆ ಯಾರದೋ ತುಟಿ,
ಜೇಬಿನಲ್ಲಿ ಕಡ್ಡಿಪೆಟ್ಟಿಗೆ, ಮಡಚಿದ ಮೆನು,
ಒಮ್ಮೆ ಒಂದು ಹಲ್ಲಿನ ಸೆಟ್ಟು.
(ವಾಪಸು ಕೊಟ್ಟೆ. ಬಕ್ಷೀಸು ಬರಲಿಲ್ಲ.
ಅಲ್ಲಿಯತನಕ ನಗಲಿಕ್ಕೂ ಆಗಿರಲಿಲ್ಲವೇನೋ, ಪಾಪ.)

ನಡುರಾತ್ರಿಯ ಊಟಕ್ಕೆ ನಮ್ಮ ಎಲ್ಪಿದಿಯೊ
ಮಂಜುಗಡ್ಡೆಯಲ್ಲಿ ಹಂಸ ಕೆತ್ತುತ್ತಿದ್ದ.
ಎರಡಕ್ಕೆ ಅದರ ಕತ್ತು ಕರಗಿ ಬಾತುಕೋಳಿ,
ನಾಲ್ಕಕ್ಕೆ ಬರೀ ನೀರು, ಎನ್ನುತ್ತಿದ್ದ;
ಮೇಜುಬಟ್ಟೆ ಒದ್ದೆಮುದ್ದೆಯಾಗಿ ನನ್ನ ಪಾಲಿಗೆ.
ಈಗ ಹಂಸವಿಲ್ಲ. ಮಣಿಕಟ್ಟಿನ ಪಟ್ಟಿ ತೋರಿಸಿದರೆ
ಯಾವ ಹೊತ್ತಿಗೂ ಪಿಜ್ಜಾ.
ಎಲ್ಪಿದಿಯೊ ನೀರಿನ ಜಾರುಬಂಡೆಯ ಬಾಯಲ್ಲಿ ನಿಂತು
ಮಕ್ಕಳ ಎತ್ತರ ಅಳೆಯುತ್ತಾನೆ.

ಹಡಗು ದಡ ಬಿಡುವಾಗ ಎಸೆಯುತ್ತಿದ್ದ
ಬಣ್ಣದ ಕಾಗದದ ಸುರುಳಿಗಳೂ ಹೋದವು.
ಹೋಗಲಿ. ಮೀನಿನ ಹೊಟ್ಟೆ ಸೇರುತ್ತಿದ್ದವಂತೆ.
ಹಳತನ್ನೆಲ್ಲ ನೆನೆದು ಮರುಗುವ ಚಟ ನನಗಿಲ್ಲ:
ಆಗ ಮಗಳು ಹುಟ್ಟಿದ ಸುದ್ದಿ
ಮೂರು ಬಂದರು ತಪ್ಪಿಸಿಕೊಂಡು ಬಾರ್ಬಡೋಸಿನಲ್ಲಿ ಸಿಕ್ಕಿತು,
ಅಷ್ಟರಲ್ಲಿ ಅವಳಿಗೆ ಹೆಸರಿಟ್ಟೂ ಆಗಿತ್ತು.
ಈಗ ಅವಳು ಫೋನಿನೊಳಗಿಂದಲೇ ಬಯ್ಯುತ್ತಾಳೆ,
ಅಪ್ಪಾ, ತಲೆಗೆ ಬಣ್ಣ ಹಚ್ಚಿಕೋ, ಎಂದು.

ಅಂಗಿಗಳು ಮೆಲ್ಲಮೆಲ್ಲಗೆ ಮೆತ್ತಗಾದವು.
ಮೊದಲು ಬೋ ಹೋಯಿತು, ಹಿಂದೆಯೇ ಟೈ,
ಆಮೇಲೆ ಕಾಲರು.
ಔತಣದ ರಾತ್ರಿಗೆ ‘ನಿಮ್ಮಿಷ್ಟದ ಉಡುಗೆ’ ಎಂದು ಹೆಸರಾಯಿತು;
ಇಷ್ಟವೆಂದರೆ ಚಡ್ಡಿ.
ಎಂಟು ಇಸ್ತ್ರಿಗಳಲ್ಲಿ ಏಳು ತಣ್ಣಗೆ.
ಈಗ ಟವೆಲು ಒಗೆಯುತ್ತೇನೆ, ಟವೆಲು ಮಡಚುತ್ತೇನೆ, ಟವೆಲು.

ಶ್ರೀಮತಿ ಥರ್ಲೊ, ಆರನೆಯ ಮಹಡಿ.
ಪ್ರತಿ ಚಳಿಗಾಲ ಮದೀರಾಕ್ಕೆ, ಗಂಡನೊಡನೆ.
ಆತನ ಮುಖ ನೋಡಿದವನಲ್ಲ, ಕೋಟು ಬಲ್ಲೆ:
ಎಡ ಮೊಣಕೈ ಸವೆದದ್ದು,
ಒಳಜೇಬಿನಲ್ಲಿ ಸದಾ ಒಂದು ಪುದೀನ ಮಿಠಾಯಿ.
ಈ ಸಲ ಪಟ್ಟಿಯಲ್ಲಿ ಒಬ್ಬರದೇ ಹೆಸರು.
ಕೋಟು ಮಾತ್ರ ಬಂತು,
‘ಇಸ್ತ್ರಿ ಮಾತ್ರ’ ಎಂಬ ಚೀಟಿ ಚುಚ್ಚಿಕೊಂಡು.
ನೆನಪಿಗಿರಬೇಕು ಅಂದುಕೊಂಡೆ. ಒತ್ತಿ ಕಳಿಸಿದೆ.

ಮೂರನೆಯ ಬೆಳಿಗ್ಗೆ ಮತ್ತೆ ಬಂತು.
ಕಾಲರಿನ ಒಳಗೆ ಮುಖದ ಪೌಡರು.
ತೋಳುಗಳ ತುದಿ ಎರಡು ಬೆರಳು ಮಡಚಿ
ಪಿನ್ನು ಚುಚ್ಚಿದ ಸಣ್ಣ ತೂತು.
ಎದೆಯ ಮೇಲೆ ಟೊಮೇಟೊ ಸೂಪಿನ ಹನಿ.
ಒಳಜೇಬಿನಲ್ಲಿ ಮಿಠಾಯಿಯ ಕಾಗದ, ಅಷ್ಟೇ.

ದೊಡ್ಡ ಕೋಟಿನೊಳಗೆ ಆ ಪುಟ್ಟ ಮುದುಕಿ
ಚಡ್ಡಿಗಳ ಸಂತೆಯಲ್ಲಿ ನೆಟ್ಟಗೆ ಕೂತು
ಚಮಚ ಎತ್ತಿದ್ದು ಕಂಡಂತಾಯಿತು.
ಯಾರಾದರೂ ನಕ್ಕರೋ ಏನೋ.
ಅದನ್ನು ಬಟ್ಟೆ ಹೇಳುವುದಿಲ್ಲ.

ಪಾಳಿ ಮುಗಿದ ಮೇಲೆ ಕರಿ ದಾರ ಹುಡುಕಿ
ತೋಳು ಎರಡನ್ನೂ ಎರಡು ಬೆರಳು ಮೇಲಕ್ಕೆ ಹೊಲಿದೆ,
ಬೇಡವೆಂದರೆ ಎಳೆದು ಬಿಚ್ಚಬಹುದಾದ
ದೂರದೂರದ ಹೊಲಿಗೆ.
ಕಲೆ ತೆಗೆದೆ. ಬಿಲ್ಲು ಬರೆದೆ:
ಇಸ್ತ್ರಿ ಮಾತ್ರ, ಆರು ಪೌಂಡು.

ಹಡಗಿನ್ನೂ ಬಿಸ್ಕೇ ಕೊಲ್ಲಿ ದಾಟಿಲ್ಲವೇನೋ:
ಟವೆಲುಗಳೆಲ್ಲ ಎಡಕ್ಕೆ ವಾಲಿದವು,
ನಡುವೆ ಆ ಒಂದು ಕೋಟೂ.