ಕವಿತಾಳದ ಕೀಲಿ

ಮೊದಲು ಹೇಳಿದ್ದು ಒಂದು ಕೂಸು.
ಕಲ್ಮಲಾದಲ್ಲಿ ಹತ್ತಿತ್ತು, ತಾಯಿಯ ಕಂಕುಳಲ್ಲಿ.
ವಯಸ್ಸೆಷ್ಟವ್ವಾ ಇದಕ್ಕ ಅಂತ ಬಾಗಿ ಕೇಳಿದೆ ನೋಡು,
ಎರಡೂ ಕೈಲಿ ಮೂಗು ಮುಚ್ಚಿಕೊಂಡಿತು.
ತಾಯಿ ಅದರ ಕೈ ಕಿತ್ತಳು,
ನನ್ನ ಮುಖ ನೋಡಲಾರದೆ
ಆಧಾರ್ ಕಾರ್ಡನ್ನು ಸುಮ್ಮನೆ ಇನ್ನೊಮ್ಮೆ ತೋರಿಸಿದಳು.

ಹಿಂದಿನ ಬಾಗಿಲ ಹತ್ತಿರ ನಿಂತು
ಅಂಗೈಗೆ ಹಾ ಅಂದು ಮೂಸಿದೆ.
ಚಿಲ್ಲರೆ ದುಡ್ಡಿನ ವಾಸನೆ ಬಂತು, ಅಷ್ಟೇ.
ತನ್ನ ಸುದ್ದಿ ತನಗೆ ಮುಟ್ಟಿಸುವುದಿಲ್ಲ ಬಾಯಿ.

ಆಮೇಲೆ ಒಂದೊಂದೇ ತಿಳಿಯತೊಡಗಿತು:
ನಾನು ಹತ್ತಿರ ಬರುವ ಮೊದಲೇ ಗಂಡಸರು
ತೋಳುದ್ದ ಕೈ ಚಾಚಿ "ಸಿರವಾರ ಒಂದು" ಅನ್ನುವುದು,
ಫ್ಯಾನಿನ ಗಾಳಿ ಆ ಕಡೆ ಅಂತ ಮನೆಯವರು
ಗೋಡೆಗೆ ಮುಖ ಮಾಡಿ ಮಲಗುವುದು,
ಮತ್ತೆ ನಮ್ಮ ಡ್ರೈವರ್ ಖಾಜಾಸಾಬ,
ರಾಯಚೂರು ಬಿಡುವ ಮುಂಚೆ ದಿನಾ
"ತಗೋ ಅಕ್ಕಾ" ಅಂತ ಒಂದು ಏಲಕ್ಕಿ.
ಎರಡು ವರ್ಷ ಅದನ್ನು ಬರೀ ಪ್ರೀತಿ ಅಂದುಕೊಂಡಿದ್ದೆ.

ಲಿಂಗಸುಗೂರಿನಲ್ಲಿ ಬಸ್ಸು ನಲವತ್ತು ನಿಮಿಷ ನಿಲ್ಲುತ್ತದೆ.
ಅಷ್ಟರಲ್ಲಿ ಪಂಡಿತರ ಮನೆ.
ನಾಡಿ ಹಿಡಿದರು. "ನಾಲಿಗಿ ಚಾಚು."
ಚಾಚಿದೆ. ಆರನೇ ತರಗತಿ ಬಿಟ್ಟ ಮೇಲೆ ಯಾರಿಗೂ ಚಾಚಿದ್ದಿಲ್ಲ.
"ಸುಣ್ಣ ಬಳದಂಗ ಕಟ್ಟೇದ. ಉಂಡದ್ದು ಕರಗವಲ್ದು, ಆಮ.
ಒಸಡೂ ಸಡಿಲ. ರಾತ್ರಿ ಎಷ್ಟಕ್ಕ ಉಣತಿ?"
ಹನ್ನೊಂದಕ್ಕ ಅಂದೆ. ಬರೆದುಕೊಂಡರು.

ಜಾಲಿಕಡ್ಡಿ. ತಾಮ್ರದ ಪಟ್ಟಿಯಿಂದ ನಾಲಿಗೆ.
ಉಂಡ ಮೇಲೆ ಸೋಂಪು, ಮಲಗುವಾಗ ತ್ರಿಫಲದ ನೀರು ಮುಕ್ಕಳಿಸುವುದು.
ನಸುಕಿನ ನಾಲ್ಕಕ್ಕೆ ಎಳ್ಳೆಣ್ಣೆ ಬಾಯಿತುಂಬ ಹಿಡಿದು
ಜಡೆ ಹಾಕಿಕೊಂಡೆ, ಡಬ್ಬಿ ಕಟ್ಟಿದೆ, ಚೀಲದ ಚಿಲ್ಲರೆ ಎಣಿಸಿದೆ.
ಮನೆಯವರು ಏನು ಕೇಳಿದರೂ ಹ್ಞೂಂ, ಹ್ಞೂಂಹ್ಞೂಂ.
ಇಷ್ಟು ಸುಖವಾಗಿ ನಾವು ಮಾತಾಡಿ ಯಾವ ಕಾಲವಾಗಿತ್ತೋ.

ಹತ್ತು ಗಂಟೆತನಕ ಬಾಯಿ ಹೊಸದು.
ಸಿರವಾರ ದಾಟಿ ಬಿಸಿಲು ತಗಡಿಗೆ ಬಡಿದರೆ
ನಾಲಿಗೆ ಅಂಗುಳಿಗೆ ಅಂಟುವುದು, ಹಳೇದು ಹೊಳ್ಳಿ ಬರುವುದು.
ಪಂಡಿತರು ಪುಡಿ ಬದಲಿಸಿದರು. ಲವಂಗ ಕೂಡಿಸಿದರು.
ಮೂರನೇ ಸಲ ಪೆನ್ನು ಊರಿಕೊಂಡು ಕೇಳಿದರು:
"ನೀರು ಎಷ್ಟು ಕುಡೀತಿ?"

ಸುಮ್ಮನಿದ್ದೆ.
ಒಳಗೆ ಅಳಲೆಕಾಯಿ ಕುಟ್ಟುತ್ತಿದ್ದ ಅವರ ಹೆಂಡತಿ
ಕುಟ್ಟುವುದು ನಿಲ್ಲಿಸಿದರು.
"ಕುಡದು ಎಲ್ಲಿಗ್ ಹೋಗ್ಬೇಕ್ರೀ ಆಕಿ?
ಗಂಡಸರಿಗೆ ಎಲ್ಲಿ ನೋಡಿದ್ರೂ ಗ್ವಾಡಿ ಅದಾವ. ಆಕಿಗೆ?"
ಪೆನ್ನು ಕಾಗದದ ಮೇಲೆ ನಿಂತೇ ಇತ್ತು.
ನೀಲಿ ಚುಕ್ಕೆ ದೊಡ್ಡದಾಯಿತು.

ಕವಿತಾಳದ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯ ಇದೆ.
ಕೀಲಿಯೂ ಇದೆ, ಕಂಟ್ರೋಲರನ ಮೇಜಿನ ಡ್ರಾಯರಿನಲ್ಲಿ.
"ಒಳಗ ಸಾಮಾನ ಇಟ್ಟೀವಿ, ನಾಳೆ ನೋಡೂಣು" ಅನ್ನುವವನು.
ಮರುದಿನ ಏಲಕ್ಕಿ ಕಿಸೆಯಲ್ಲಿಟ್ಟೆ. ಬಾಯಿಗೆ ಹಾಕಲಿಲ್ಲ.
ಮೇಜಿನ ಮೇಲೆ ಎರಡೂ ಕೈ ಊರಿ, ಹತ್ತಿರ ಬಾಗಿ ಕೇಳಿದೆ.
ಹುಟ್ಟಿದಾಗಿನಿಂದ ಅಷ್ಟು ಉದ್ದದ ವಾಕ್ಯ ಆಡಿರಲಿಲ್ಲ.
ಅವನ ಕುರ್ಚಿ ಹಿಂದಕ್ಕೆ ಸರಿಯಿತು, ಮತ್ತಿಷ್ಟು,
ಮುಖ ಕ್ಯಾಲೆಂಡರಿನ ಕಡೆ, ಕೈ ಮಾತ್ರ ಡ್ರಾಯರಿಗೆ.

ಈಗ ಎರಡು ಬಾಟಲಿ ಒಯ್ಯುತ್ತೇನೆ.
ಇಂಜಿನ್ ಪಕ್ಕ ಬೆಚ್ಚಗಾದ ನೀರು, ರಬ್ಬರಿನ ರುಚಿ.
ಸೋಂಪೂ ಬಿಟ್ಟಿಲ್ಲ, ಎಣ್ಣೆಯೂ ಬಿಟ್ಟಿಲ್ಲ.
ಖಾಜಾಸಾಬ ಈಗಲೂ ದಿನಾ ಏಲಕ್ಕಿ ಕೊಡುತ್ತಾನೆ.
ಇನ್ನೂ ಬೇಕಾಗಿದೆಯೋ, ಅವನ ರೂಢಿಯೋ,
ಕೇಳಬೇಕೆಂದರೆ ಬಾಯಿ ತೆರೆಯಬೇಕು.